ಪೂರಕ ಪಾಠ: ನಾಯಿಯ ಮೈಮೇಲಿನ ಉಣ್ಣಿ

ಓದುವ ಮೊದಲು ಮಾತಾಡೋಣ

ನಿಮ್ಮ ಮನೆಯಲ್ಲಿ ನಾಯಿ ಇದೆಯೇ? ದನ, ಎಮ್ಮೆ, ಆಡು ಇವೆಯೇ? ಅವುಗಳ ಮೈಮೇಲೆ ಉಣ್ಣಿ ನೋಡಿದ್ದೀರಾ? ಕೆಲವು ಊರಲ್ಲಿ ಇದಕ್ಕೆ ಉಣ್ಣೆ ಎನ್ನುತ್ತಾರೆ. ಮಲೆನಾಡಿನಲ್ಲಿ ಉಣುಗು ಎನ್ನುತ್ತಾರೆ. ನಿಮ್ಮ ಕಡೆ ಏನಂತಾರೆ? ಅದನ್ನು ನೀವು ಹೇಗೆ ತೆಗೆಯುತ್ತೀರಿ? ಮೊದಲು ಒಬ್ಬರಿಗೊಬ್ಬರು ಹೇಳಿರಿ. ಆಮೇಲೆ ಪಾಠ ಓದಿರಿ.

1. ಚಿಮಟಿಗೆ ಕೆಲಸಕ್ಕೆ ಬಂತು (ಕಥೆ)

ಗೋವಾ ರಾಜ್ಯದಲ್ಲಿ ಉಸಗಾಂವ ಎಂಬ ಊರು ಇದೆ. ಫೋಂಡಾದಿಂದ ಬೆಳಗಾವಿ ಕಡೆ ಹೋಗುವ ಹೆದ್ದಾರಿಯಲ್ಲಿ ಈ ಊರು ಸಿಗುತ್ತದೆ. ಅಲ್ಲಿನ ಕೂಡುರಸ್ತೆಗೆ ತಿಸ್ಕ ಎನ್ನುತ್ತಾರೆ. ಊರಲ್ಲಿ ಟೈರ್ ಕಾರ್ಖಾನೆ ಇದೆ. ಸುತ್ತಮುತ್ತ ಗೇರು ತೋಟ, ಅಡಿಕೆ ತೋಟ, ಕಾಡು ಇವೆ. ದುಡಿಯಲು ಬಂದ ಕನ್ನಡದ ಜನ ಅಲ್ಲಿ ಬಾಡಿಗೆ ಖೋಲಿಗಳಲ್ಲಿ ಇರುತ್ತಾರೆ.

ಅಂಥ ಒಂದು ಖೋಲಿಯಲ್ಲಿ ಒಂದು ಕುಟುಂಬ ಇತ್ತು. ಅತ್ತೆ, ಸೊಸೆ, ಮಗ, ಏಳು ವರ್ಷದ ಮೊಮ್ಮಗ. ಬಾಗಿಲಲ್ಲಿ ರಾಜಾ ಎಂಬ ನಾಯಿ. ರಾಜಾ ರಾತ್ರಿಯೆಲ್ಲ ಮನೆ ಕಾಯುತ್ತಿತ್ತು. ಹಗಲು ಹುಡುಗನ ಹಿಂದೆ ಗೇರು ತೋಟ ಸುತ್ತುತ್ತಿತ್ತು.

ಒಂದು ದಿನ ರಾಜಾ ಅನ್ನ ಮುಟ್ಟಲಿಲ್ಲ. ಕಿವಿ ಕೆರೆದುಕೊಳ್ಳುತ್ತ ಮೂಲೆಯಲ್ಲಿ ಮಲಗಿತು. ಹುಡುಗ ಅದರ ಕಿವಿ ಮಡಚಿ ನೋಡಿದ. ಒಳಗೆ ಉಣ್ಣಿ ಸಾಲಾಗಿ ಕಚ್ಚಿದ್ದವು. ಅವನು ಒಂದನ್ನು ಕಿತ್ತು ನೆಲದ ಮೇಲಿಟ್ಟ. ಹೆಬ್ಬೆರಳ ಉಗುರಿನಿಂದ ಒತ್ತಿದ. ರಕ್ತ ಸಿಡಿಯಿತು.

ಸೊಸೆ ಓಡಿ ಬಂದಳು.

"ತಮ್ಮಾ, ಏನ್ ಮಾಡಾಕತ್ತೀಯೋ?"

"ಉಣ್ಣಿ ಒಡ್ಯಾಕತ್ತೀನಿ ಅವ್ವಾ. ಹೇನಿನಂಗ ಟಪ್ ಅಂತಾವ."

"ಬ್ಯಾಡ, ಬಿಡು! ಮೊದಲ ಸಬಕಾರ ಹಚ್ಚಿ ಕೈ ತೊಳಕೊ."

ಅಷ್ಟರಲ್ಲಿ ಅತ್ತೆ ಒಂದು ಅರಿವೆ ಹಿಡಿದು ಬಂದರು.

"ತಂಗಿ, ಆ ಚಿಮಣಿ ಎಣ್ಣಿ ಬಾಟ್ಲಿ ಇತ್ತ ತಾ. ನಾಯಿಗೆ ಹಚ್ಚಿ ಒರಸ್ತೀನಿ. ಎಲ್ಲಾ ಉದುರಿ ಬೀಳ್ತಾವ."

"ಬ್ಯಾಡ್ರಿ ಅತ್ತೀ. ಚಿಮಣಿ ಎಣ್ಣಿಗೆ ಅದರ ಚರ್ಮ ಸುಡತೈತಿ. ನೆಕ್ಕಿದ್ರ ಹೊಟ್ಟಿಗೂ ಹೋಗತೈತಿ."

"ನಮ್ಮೂರಾಗ ಎಮ್ಮಿಗೆ ಹಿಂಗ ಮಾಡ್ತಿದ್ವಿ. ಎಮ್ಮಿ ಏನ್ ಸತ್ತಿಲ್ಲ."

"ಖರೆ ಐತ್ರಿ. ಆದ್ರ ದನದ ಡಾಕ್ಟರು ಬ್ಯಾರೆ ಹೇಳ್ಯಾರ. ಉರಿ ಹತ್ತಿದ್ರ ಉಣ್ಣಿ ತನ್ನ ಹೊಟ್ಟ್ಯಾಗಿನ ಹೊಲಸು ನಾಯಿ ಮೈಯಾಗ ಕಾರಬಹುದಂತ. ರೋಗ ಬರೂದು ಹಂಗ ಅಂತ್ರಿ."

"ಹಂಗಾದ್ರ ಹೆಂಗ ತೆಗೀತಿ?"

"ಮುಳ್ಳು ತೆಗ್ಯೋ ಹಂಗ ರೀ. ನಿಮ್ಮ ಚಿಮಟಿಗಿ ಕೊಡ್ರಿ."

ಅತ್ತೆ ತಮ್ಮ ಎಲೆ ಅಡಿಕೆ ಚೀಲಕ್ಕೆ ಕೈ ಹಾಕಿದರು. ಸಣ್ಣ ಚಿಮಟಿಗೆ ಹೊರಗೆ ಬಂತು. ಅದನ್ನು ಸೊಸೆಗೆ ಕೊಡಲಿಲ್ಲ.

"ಜಾಲಿ ಮುಳ್ಳು ತೆಗೆದ ಕೈ ಇದು. ನಾನs ತೆಗೀತೀನಿ. ನೀ ನಾಯಿ ಹಿಡಿ. ಹೆಂಗ ಅಂತ ಹೇಳು."

ಸೊಸೆ ಅತ್ತೆಯ ಎರಡೂ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿದಳು. ರಾಜಾನ ತಲೆ ಸವರುತ್ತ ಹಿಡಿದು ಕುಳಿತಳು. ಅತ್ತೆ ಕೂದಲು ಸರಿಸಿದರು. ಚರ್ಮಕ್ಕೆ ತಾಗುವಂತೆ ಚಿಮಟಿಗೆ ಹಿಡಿದರು. ತಿರುವಲಿಲ್ಲ. ಜಗ್ಗಾಡಲಿಲ್ಲ. ನೆಟ್ಟಗೆ ಮೇಲಕ್ಕೆ ಎಳೆದರು. ಉಣ್ಣಿ ಇಡಿಯಾಗಿ ಬಂತು. ಹುಡುಗ ಎಣಿಸಿದ. ಒಟ್ಟು ಹನ್ನೊಂದು ಉಣ್ಣಿ ಸಿಕ್ಕವು. ಎಲ್ಲವನ್ನೂ ಸ್ಪಿರಿಟ್ ಇದ್ದ ಬಾಟಲಿಗೆ ಹಾಕಿ ಮುಚ್ಚಳ ಬಿಗಿದರು.

ಆಮೇಲೆ ಸೊಸೆ ಮಗನ ಅಂಗಿ ಬಿಚ್ಚಿಸಿದಳು. ಕಂಕುಳು, ಕಿವಿ ಹಿಂದೆ, ಮೊಣಕಾಲ ಹಿಂದೆ ನೋಡಿದಳು. ಉಡದಾರದ ಕೆಳಗೆ ಒಂದು ಉಣ್ಣಿ ಕಚ್ಚಿತ್ತು! ಅದನ್ನೂ ಹಾಗೆಯೇ ತೆಗೆದರು. ಕಚ್ಚಿದ ಜಾಗ ಸಬಕಾರದಿಂದ ತೊಳೆದರು.

ಸೊಸೆ ಕಲಿಕಾ ಕೇಂದ್ರದಲ್ಲಿ ಓದು ಬರಹ ಕಲಿಯುತ್ತಿದ್ದಳು. ಪೆನ್ನು ತೆಗೆದುಕೊಂಡಳು. ಗೋಡೆಯ ಕ್ಯಾಲೆಂಡರಿನಲ್ಲಿ ಮಾರ್ಚ್ 3ರ ಮನೆಯಲ್ಲಿ ಬರೆದಳು: ಮಗನ ಸೊಂಟ. ಉಣ್ಣಿ 1.

ಅತ್ತೆ ನಕ್ಕರು. "ಉಣ್ಣಿ ಕಿತ್ತಿದ್ದೂ ಬರೀತಾರೇನ ಯವ್ವಾ?"

ಮಾರ್ಚ್ 9ರಂದು ಹುಡುಗನಿಗೆ ಜ್ವರ ಬಂತು. ತಲೆ ನೋವು, ಮೈ ಕೈ ನೋವು.

"ಬಿಸಲಿಗೆ ಬಂದೈತಿ. ಮೆಡಿಕಲ್ ಅಂಗಡಿಯಿಂದ ಒಂದು ಗುಳಿಗಿ ತಾ" ಅಂದರು ಅತ್ತೆ.

ಸೊಸೆ ಕ್ಯಾಲೆಂಡರ್ ನೋಡಿದಳು. ಉಣ್ಣಿ ಕಿತ್ತು ಆರು ದಿನ ಆಗಿತ್ತು. ಅವಳು ಕ್ಯಾಲೆಂಡರನ್ನೇ ಮಡಚಿಕೊಂಡು ಮಗನನ್ನು ಸರಕಾರಿ ದವಾಖಾನೆಗೆ ಕರೆದೊಯ್ದಳು. ಡಾಕ್ಟರಿಗೆ ಕನ್ನಡ ಬರುತ್ತಿರಲಿಲ್ಲ. ಅವಳಿಗೆ ಕೊಂಕಣಿ ಅಷ್ಟಕ್ಕಷ್ಟೆ. ಅವಳು 3 ಎಂಬ ಅಂಕಿ ತೋರಿಸಿದಳು. ಬಾಟಲಿಯಲ್ಲಿದ್ದ ಉಣ್ಣಿ ತೋರಿಸಿದಳು. ಮಗನ ಸೊಂಟ ತೋರಿಸಿದಳು. ಡಾಕ್ಟರಿಗೆ ತಿಳಿಯಿತು. ಹುಡುಗನ ಅಂಗೈ, ಅಂಗಾಲು ನೋಡಿದರು. ಸಣ್ಣ ಕೆಂಪು ಗುಳ್ಳೆಗಳಿದ್ದವು. ರಕ್ತ ಪರೀಕ್ಷೆಗೆ ಕಳಿಸಿದರು. ಉಣ್ಣಿಯಿಂದ ಬಂದ ಜ್ವರ ಇರಬಹುದೆಂದು ಅಂದೇ ಔಷಧ ಸುರು ಮಾಡಿದರು. ವಾರದೊಳಗೆ ಹುಡುಗ ಎದ್ದು ಆಡತೊಡಗಿದ.

ರಾಜಾನನ್ನು ಮಗ ಪಶು ದವಾಖಾನೆಗೆ ಒಯ್ದ. ಅದಕ್ಕೂ ಸೂಜಿ, ಗುಳಿಗೆ ಆಯಿತು.

ಈಗ ಆ ಮನೆಯಲ್ಲಿ ಪ್ರತಿ ಭಾನುವಾರ ಉಣ್ಣಿ ನೋಡುತ್ತಾರೆ. ಅತ್ತೆ ತೆಗೆಯುತ್ತಾರೆ. ಸೊಸೆ ಬರೆಯುತ್ತಾಳೆ.

2. ಉಣ್ಣಿ ಎಂದರೆ ಏನು?

ಉಣ್ಣಿ ರಕ್ತ ಕುಡಿದು ಬದುಕುವ ಸಣ್ಣ ಜೀವಿ. ಹೇನಿಗೆ ಆರು ಕಾಲು. ಬೆಳೆದ ಉಣ್ಣಿಗೆ ಎಂಟು ಕಾಲು. ಜೇಡ, ಚೇಳು ಇವಕ್ಕೂ ಎಂಟು ಕಾಲು. ಉಣ್ಣಿ ಅವುಗಳ ಬಳಗಕ್ಕೆ ಸೇರಿದ್ದು. ಅದಕ್ಕೆ ರೆಕ್ಕೆ ಇಲ್ಲ, ಹಾರಲು ಬರುವುದಿಲ್ಲ. ಹುಲ್ಲಿನ ತುದಿಯಲ್ಲಿ, ಗೋಡೆಯ ಬಿರುಕಿನಲ್ಲಿ ಕಾದು ಕೂರುತ್ತದೆ. ನಾಯಿ, ದನ, ಮನುಷ್ಯ ಹತ್ತಿರ ಬಂದರೆ ಮೈ ಹತ್ತುತ್ತದೆ.

ಹಸಿದ ಉಣ್ಣಿ ಎಳ್ಳಿನ ಕಾಳಿನಷ್ಟು ಇರುತ್ತದೆ. ರಕ್ತ ಕುಡಿದ ಹೆಣ್ಣು ಉಣ್ಣಿ ಔಡಲ ಬೀಜದ ಹಾಗೆ ಉಬ್ಬುತ್ತದೆ. ಹೊಟ್ಟೆ ತುಂಬಿದ ಮೇಲೆ ತಾನೇ ಕೆಳಗೆ ಬೀಳುತ್ತದೆ. ಗೋಡೆಯ ಸಂದಿಯಲ್ಲಿ, ಗೋಣಿಚೀಲದ ಅಡಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಮೊಟ್ಟೆಯಿಂದ ಮರಿ ಬರುತ್ತದೆ. ಮರಿಗೆ ಆರೇ ಕಾಲು. ಅದು ರಕ್ತ ಕುಡಿದು, ಪೊರೆ ಕಳಚಿ, ಎಂಟು ಕಾಲಿನ ಎಳೆ ಉಣ್ಣಿಯಾಗುತ್ತದೆ. ಮತ್ತೆ ರಕ್ತ ಕುಡಿದು ದೊಡ್ಡದಾಗುತ್ತದೆ. ಬೆಳೆದ ಉಣ್ಣಿ ಊಟವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು.

ಉಣ್ಣಿಯ ಬಾಯಲ್ಲಿ ಹಿಂದಕ್ಕೆ ಬಾಗಿದ ಸಣ್ಣ ಮುಳ್ಳುಗಳಿವೆ. ಅದಕ್ಕೇ ಅದು ಗಟ್ಟಿಯಾಗಿ ಕಚ್ಚಿ ಹಿಡಿಯುತ್ತದೆ. ಹೊಟ್ಟೆ ಹಿಡಿದು ಎಳೆದರೆ ಹೊಟ್ಟೆ ಹರಿಯುತ್ತದೆ. ಬಾಯಿ ಚರ್ಮದಲ್ಲೇ ಉಳಿಯುತ್ತದೆ. ಆದ್ದರಿಂದ ಚರ್ಮದ ಹತ್ತಿರವೇ ಹಿಡಿಯಬೇಕು.

3. ಉಣ್ಣಿ ತೆಗೆಯುವ ಕ್ರಮ

ಬೇಕಾದ ಸಾಮಾನು: ಮುಳ್ಳು ಕೀಳುವ ಸಣ್ಣ ಚಿಮಟಿಗೆ, ಕೈಗೆ ರಬ್ಬರ್ ಗವಸು ಅಥವಾ ತೂತಿಲ್ಲದ ಪ್ಲಾಸ್ಟಿಕ್ ಚೀಲ, ಮುಚ್ಚಳ ಇರುವ ಬಾಟಲಿ, ಸ್ಪಿರಿಟ್, ಸಬಕಾರ, ನೀರು.

ಒಂದು: ಬೆಳಕಿನಲ್ಲಿ ಕೂರಿರಿ. ಇಬ್ಬರಿದ್ದರೆ ಒಳ್ಳೆಯದು. ನಾಯಿಗೆ ಗುರುತಿರುವವರು ಅದರ ತಲೆ ಹಿಡಿಯಲಿ. ಕಚ್ಚುವ ನಾಯಿ, ಗುರುತಿಲ್ಲದ ಬೀದಿ ನಾಯಿ ಇದ್ದರೆ ನೀವು ತೆಗೆಯಲು ಹೋಗಬೇಡಿ. ಪಶು ವೈದ್ಯರಿಗೆ ತಿಳಿಸಿರಿ.

ಎರಡು: ಮೈಯೆಲ್ಲ ಕೈಯಾಡಿಸಿ ನೋಡಿರಿ. ಕಿವಿಯ ಒಳಗೆ, ಕೊರಳ ಬೆಲ್ಟಿನ ಕೆಳಗೆ, ಕಣ್ಣಿನ ಸುತ್ತ, ಮುಂಗಾಲಿನ ಕಂಕುಳಲ್ಲಿ, ಬೆರಳುಗಳ ನಡುವೆ, ತೊಡೆಯ ಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿ ಅಡಗಿರುತ್ತವೆ.

ಮೂರು: ಕೂದಲು ಎರಡು ಕಡೆ ಸರಿಸಿರಿ. ಚಿಮಟಿಗೆಯ ತುದಿಯನ್ನು ಚರ್ಮಕ್ಕೆ ತಾಗುವಂತೆ ಇಟ್ಟು ಉಣ್ಣಿಯ ಬಾಯಿಯ ಹತ್ತಿರ ಹಿಡಿಯಿರಿ.

ನಾಲ್ಕು: ನಿಧಾನವಾಗಿ, ಒಂದೇ ಸಮನೆ, ನೆಟ್ಟಗೆ ಮೇಲಕ್ಕೆ ಎಳೆಯಿರಿ. ತಿರುವಬೇಡಿ. ಒಮ್ಮೆಲೆ ಜಗ್ಗಬೇಡಿ. ಉಣ್ಣಿಯನ್ನು ಹಿಸುಕಬೇಡಿ.

ಐದು: ಕಿತ್ತ ಉಣ್ಣಿಯನ್ನು ಸ್ಪಿರಿಟ್ ಬಾಟಲಿಗೆ ಹಾಕಿ ಮುಚ್ಚಿರಿ. ಸ್ಪಿರಿಟ್ ಇಲ್ಲದಿದ್ದರೆ ಅಂಟುಪಟ್ಟಿಯ ನಡುವೆ ಇಟ್ಟು ಬಿಗಿಯಾಗಿ ಅಂಟಿಸಿರಿ. ಅಂಗಳಕ್ಕೆ ಎಸೆದರೆ ಮತ್ತೆ ಮೈ ಹತ್ತುತ್ತದೆ.

ಆರು: ಕಚ್ಚಿದ ಜಾಗ ಸಬಕಾರ ನೀರಿನಿಂದ ತೊಳೆಯಿರಿ. ಕೈ, ಚಿಮಟಿಗೆ ಎರಡನ್ನೂ ಚೆನ್ನಾಗಿ ತೊಳೆಯಿರಿ.

ಉಣ್ಣಿಯ ಬಾಯಿ ಚರ್ಮದಲ್ಲೇ ಮುರಿದು ಉಳಿದರೆ ಹೆದರಬೇಡಿ. ಸೂಜಿ ಹಾಕಿ ಕೆದಕಬೇಡಿ. ಕೆಲವು ದಿನದಲ್ಲಿ ಅದು ತಾನೇ ಹೊರಗೆ ಬರುತ್ತದೆ. ಆ ಜಾಗ ಬಾತು ಕೀವು ತುಂಬಿದರೆ ವೈದ್ಯರಿಗೆ ತೋರಿಸಿರಿ.

ತೆಗೆಯುವಾಗ ನಾಯಿ ಕಚ್ಚಿದರೆ ಗಾಯವನ್ನು ಹರಿಯುವ ನೀರಿನಲ್ಲಿ ಸಬಕಾರ ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಅದೇ ದಿನ ದವಾಖಾನೆಗೆ ಹೋಗಿರಿ. ಹುಚ್ಚು ನಾಯಿ ರೋಗದ ಸೂಜಿ ಬೇಕೇ ಎಂದು ಕೇಳಿರಿ. ಮನೆಯ ನಾಯಿ ಎಂದು ಸುಮ್ಮನಿರಬೇಡಿ.

4. ಇವನ್ನು ಮಾಡಬೇಡಿ

ಚಿಮಣಿ ಎಣ್ಣೆ, ಪೆಟ್ರೋಲ್ ಹಚ್ಚಬೇಡಿ. ಬೀಡಿ, ಕಡ್ಡಿಯಿಂದ ಉಣ್ಣಿ ಸುಡಬೇಡಿ. ನಾಯಿಯ ಕೂದಲಿಗೆ ಬೆಂಕಿ ಹತ್ತಬಹುದು.

ಸುಣ್ಣ, ತಂಬಾಕಿನ ನೀರು ಹಚ್ಚಬೇಡಿ. ತಂಬಾಕು ನಾಯಿಗೆ ವಿಷ.

ಹೊಲಕ್ಕೆ ಹೊಡೆಯುವ ಎಣ್ಣೆಯನ್ನು ನಾಯಿಯ ಮೈಗೆ ಹಾಕಬೇಡಿ. ಇದರಿಂದ ನಾಯಿ ಸಾಯಬಹುದು. ಹಚ್ಚಿದವರಿಗೂ ವಿಷ ಏರಬಹುದು.

ಉಗುರಿನಿಂದ ಉಣ್ಣಿ ಒಡೆಯಬೇಡಿ. ಅದರ ಹೊಟ್ಟೆಯಲ್ಲಿ ರೋಗದ ಅಣುಜೀವಿ ಇರಬಹುದು. ಬೆರಳಲ್ಲಿ ಸಣ್ಣ ಗಾಯ ಇದ್ದರೂ ಒಳಗೆ ಹೋಗಬಹುದು. ಅದೇ ಕೈಯಿಂದ ಕಣ್ಣು ಉಜ್ಜಿದರೂ ಅಪಾಯ.

ಉಣ್ಣಿಗೆ ಹಚ್ಚುವ, ಸಿಂಪಡಿಸುವ, ತಿನ್ನಿಸುವ ಔಷಧಗಳು ಇವೆ. ನಾಯಿಯ ತೂಕ, ವಯಸ್ಸು ನೋಡಿ ಅವನ್ನು ಕೊಡಬೇಕು. ಆದ್ದರಿಂದ ಪಶು ವೈದ್ಯರನ್ನು ಕೇಳಿಯೇ ತರಬೇಕು. ಮರಿಗಳಿಗೆ, ಗಬ್ಬದ ನಾಯಿಗೆ ಇನ್ನೂ ಜೋಪಾನ. ನಾಯಿಯ ಔಷಧವನ್ನು ಬೆಕ್ಕಿಗೆ ಹಾಕಬಾರದು. ಕೆಲವು ಔಷಧ ಬೆಕ್ಕಿಗೆ ವಿಷವಾಗುತ್ತವೆ. ನಾವು ನುಂಗುವ ಜ್ವರದ ಗುಳಿಗೆಯನ್ನೂ ನಾಯಿಗೆ ಕೊಡಬಾರದು.

5. ನಾಯಿಗೆ ಉಣ್ಣಿ ಜ್ವರ

ಉಣ್ಣಿ ಕಚ್ಚಿ ನಾಯಿಗೆ ಜ್ವರ ಬರುತ್ತದೆ. ಗುರುತುಗಳು ಇವು: ಊಟ ಬಿಡುವುದು, ಮೈ ಬಿಸಿ, ಸುಸ್ತು, ವಸಡು ಬಿಳಿಚುವುದು, ಮೂಗಿನಿಂದ ರಕ್ತ, ಉಚ್ಚೆ ಕೆಂಪು ಅಥವಾ ಕಪ್ಪಾಗುವುದು. ಇವುಗಳಲ್ಲಿ ಒಂದು ಕಂಡರೂ ಪಶು ದವಾಖಾನೆಗೆ ಒಯ್ಯಿರಿ. ಬೇಗ ಒಯ್ದರೆ ಬದುಕುತ್ತದೆ. ತಡವಾದರೆ ಕಷ್ಟ.

6. ಮನೆಯಲ್ಲೂ ಉಣ್ಣಿ ಇರುತ್ತವೆ

ನಾಯಿಯ ಮೈ ಅಷ್ಟೇ ಸ್ವಚ್ಛ ಮಾಡಿದರೆ ಸಾಲದು. ನಾಯಿಯ ಉಣ್ಣಿ ಮನೆಯೊಳಗೇ ಮೊಟ್ಟೆ ಇಟ್ಟು ಬೆಳೆಯುತ್ತದೆ. ನಾಯಿ ಮಲಗುವ ಗೋಣಿಚೀಲವನ್ನು ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ನೆನೆಸಿ, ಒಗೆದು, ಬಿಸಿಲಿಗೆ ಒಣಹಾಕಿರಿ. ಗೋಡೆಯ ಬಿರುಕಿಗೆ ಸಿಮೆಂಟ್ ಅಥವಾ ಮಣ್ಣು ಮೆತ್ತಿರಿ. ಮೂಲೆ, ಹೊಸ್ತಿಲ ಸಂದಿ ಗುಡಿಸಿರಿ. ಅಂಗಳದ ಹುಲ್ಲು ಕತ್ತರಿಸಿರಿ. ಚಾಳಿನಲ್ಲಿ ಎಲ್ಲರೂ ಸೇರಿ ಒಂದೇ ದಿನ ಈ ಕೆಲಸ ಮಾಡಿದರೆ ಒಳ್ಳೆಯದು. ಒಬ್ಬರ ಖೋಲಿಯ ಉಣ್ಣಿ ಇನ್ನೊಬ್ಬರ ಖೋಲಿಗೆ ಹೋಗುವುದು ತಪ್ಪುತ್ತದೆ.

7. ಕಾಡಿನ ಉಣ್ಣಿ ಮತ್ತು ಮಂಗನ ಕಾಯಿಲೆ

ಮನೆಯ ನಾಯಿಯಲ್ಲಿ ಸಿಗುವ ಉಣ್ಣಿ ಒಂದು ಜಾತಿ. ಕಾಡಿನಲ್ಲಿ ಬೇರೆ ಜಾತಿಯ ಉಣ್ಣಿಗಳಿವೆ. ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಕಾಡಿನ ಉಣ್ಣಿ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲಿನ ಊರಿನ ಜನರಿಗೆ ಜೋರು ಜ್ವರ ಬಂತು. ಕೆಲವರು ಸತ್ತರು. ಇದಕ್ಕೆ ಒಂದು ವೈರಸ್ ಕಾರಣ ಎಂದು ವಿಜ್ಞಾನಿಗಳು ಕಂಡುಹಿಡಿದರು. ಅದನ್ನು ಹೊತ್ತು ತರುವುದು ಉಣ್ಣಿ. ಆ ಕಾಡಿನ ಹೆಸರಿನಿಂದ ಈ ರೋಗಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಎಂಬ ಹೆಸರು ಬಂತು. ಜನ ಮಂಗನ ಕಾಯಿಲೆ ಎಂದರು. ಮರಾಠಿಯಲ್ಲಿ ಮಾಕಡತಾಪ ಎನ್ನುತ್ತಾರೆ.

2015ರಲ್ಲಿ ಈ ರೋಗ ಗೋವಾದ ಸತ್ತರಿ ತಾಲೂಕಿನಲ್ಲಿ ಕಾಣಿಸಿತು. ಉಸಗಾಂವದಿಂದ ಸತ್ತರಿ ದೂರ ಇಲ್ಲ. ಅಲ್ಲಿ ಗೇರು ತೋಟ ಬಹಳ. ಗೇರು ಹಣ್ಣು ಆರಿಸುವ ಕಾಲವೂ ಈ ಉಣ್ಣಿಯ ಕಾಲವೂ ಒಂದೇ. ಚಳಿಗಾಲದಿಂದ ಮಳೆ ಬೀಳುವವರೆಗೆ ಕಾಡಿನಲ್ಲಿ ಎಳೆ ಉಣ್ಣಿ ಹೆಚ್ಚು. ಅವು ಬಹಳ ಸಣ್ಣ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ.

ಗೇರು ತೋಟಕ್ಕೆ, ಸೌದೆಗೆ, ತರಗೆಲೆಗೆ ಹೋಗುವವರು ಹೀಗೆ ಮಾಡಿರಿ. ತುಂಬು ತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ ಹಾಕಿರಿ. ಆರೋಗ್ಯ ಕಾರ್ಯಕರ್ತರು ಉಣ್ಣಿ ಬಾರದಂತೆ ಹಚ್ಚುವ ಎಣ್ಣೆ ಕೊಟ್ಟರೆ ಹಚ್ಚಿಕೊಳ್ಳಿರಿ. ಒಣ ಎಲೆಯ ಮೇಲೆ ಬರಿ ಮೈಯಲ್ಲಿ ಕೂರಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸಬಕಾರ ಹಚ್ಚಿ ಸ್ನಾನ ಮಾಡಿರಿ. ಮಕ್ಕಳ ಮೈ ನೋಡಿರಿ. ಕಾಡಿಗೆ ಹೋಗಿ ಬಂದ ದನ, ನಾಯಿಗಳ ಮೈಯನ್ನೂ ನೋಡಿರಿ. ಅವೂ ಉಣ್ಣಿ ಹೊತ್ತು ತರುತ್ತವೆ.

ಸತ್ತ ಮಂಗ ಕಂಡರೆ ಮುಟ್ಟಬೇಡಿ. ಹತ್ತಿರವೂ ಹೋಗಬೇಡಿ. ಅದರ ಮೈಯಿಂದ ಉಣ್ಣಿ ಕೆಳಗೆ ಇಳಿದಿರುತ್ತವೆ. ಪಂಚಾಯಿತಿಗೆ, ಅರಣ್ಯ ಇಲಾಖೆಗೆ ಅಥವಾ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.

ಮಂಗನ ಕಾಯಿಲೆ ಬಂದರೆ ಒಮ್ಮೆಲೆ ಜೋರು ಜ್ವರ, ತಲೆ ನೋವು, ಮೈ ಕೈ ನೋವು, ವಾಂತಿ ಆಗುತ್ತದೆ. ಕೆಲವರಿಗೆ ಮೂಗು, ವಸಡಿನಿಂದ ರಕ್ತ ಬರುತ್ತದೆ. ಇದು ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಆದ್ದರಿಂದ ರೋಗಿಯನ್ನು ದೂರ ಇಡಬೇಡಿ. ಬೇಗ ದವಾಖಾನೆಗೆ ಸೇರಿಸಿರಿ. ನಡೆಯಲಾರದವರಿಗೆ 108ಕ್ಕೆ ಫೋನ್ ಮಾಡಿರಿ.

8. ಬರೆದಿಡಿ, ಡಾಕ್ಟರಿಗೆ ಹೇಳಿ

ಜ್ವರಕ್ಕೆ ನೂರು ಕಾರಣ. ಮಲೇರಿಯಾ ಇರಬಹುದು, ಡೆಂಗಿ ಇರಬಹುದು, ಟೈಫಾಯಿಡ್ ಇರಬಹುದು. ಉಣ್ಣಿ ಕಚ್ಚಿದ್ದನ್ನು ನೀವು ಹೇಳದಿದ್ದರೆ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಜ್ವರ ಬರುವ ಹೊತ್ತಿಗೆ ಕಚ್ಚಿದ ದಿನ ನಮಗೇ ಮರೆತಿರುತ್ತದೆ. ಆದ್ದರಿಂದ ಅಂದೇ ಬರೆದಿಡಬೇಕು. ಎರಡು ವಾರ ಮೈ ನೋಡಿಕೊಳ್ಳಬೇಕು. ಜ್ವರ ಬಂದರೆ ಆ ಬರಹ ತೋರಿಸಬೇಕು.

ನಾಲ್ಕು ಮಾತು ಬರೆದರೆ ಸಾಕು: ಯಾವ ದಿನ? ಯಾರಿಗೆ? ಮೈಯಲ್ಲಿ ಎಲ್ಲಿ? ಎಷ್ಟು?

ನೆನಪಿಡಿ

ಚರ್ಮದ ಹತ್ತಿರ ಹಿಡಿ. ನೆಟ್ಟಗೆ ಎಳೆ. ಒಡೆಯಬೇಡ. ಸುಡಬೇಡ. ಕೈ ತೊಳೆ. ದಿನ ಬರೆ.

ಅಭ್ಯಾಸ

ಅ. ಈ ಪದಗಳನ್ನು ಗಟ್ಟಿಯಾಗಿ ಓದಿರಿ. ಎರಡು ಸಲ ಬರೆಯಿರಿ.
ಉಣ್ಣಿ, ಚಿಮಟಿಗೆ, ಚರ್ಮ, ಕಂಕುಳು, ವಸಡು, ಉಡದಾರ, ಬಿರುಕು, ಸ್ಪಿರಿಟ್, ದವಾಖಾನೆ, ಕ್ಯಾಲೆಂಡರ್.

ಆ. ಉತ್ತರ ಹೇಳಿರಿ.
1. ಹುಡುಗ ಉಣ್ಣಿಯನ್ನು ಏನು ಮಾಡುತ್ತಿದ್ದ? ಅದು ಯಾಕೆ ತಪ್ಪು?
2. ಅತ್ತೆ ಸೊಸೆಯ ಮಾತು ಕೇಳಿದರು. ಸೊಸೆ ಅತ್ತೆಯ ಯಾವ ಜಾಣ್ಮೆಯನ್ನು ಬಳಸಿಕೊಂಡಳು?
3. ಸೊಸೆ ಡಾಕ್ಟರಿಗೆ ಏನೇನು ತೋರಿಸಿದಳು?
4. ಸತ್ತ ಮಂಗ ಕಂಡರೆ ನೀವು ಯಾರಿಗೆ ತಿಳಿಸುತ್ತೀರಿ?

ಇ. ಸರಿ ಇದ್ದರೆ ಸರಿ, ತಪ್ಪಿದ್ದರೆ ತಪ್ಪು ಎಂದು ಬರೆಯಿರಿ.
1. ಉಣ್ಣಿಯನ್ನು ತಿರುವಿ ಕೀಳಬೇಕು.
2. ಬೆಳೆದ ಉಣ್ಣಿಗೆ ಎಂಟು ಕಾಲು.
3. ಮಂಗನ ಕಾಯಿಲೆ ರೋಗಿಯನ್ನು ಮುಟ್ಟಿದರೆ ಬರುತ್ತದೆ.
4. ನಾಯಿಯ ಔಷಧವನ್ನು ಬೆಕ್ಕಿಗೂ ಹಾಕಬಹುದು.

ಈ. ಬಿಟ್ಟ ಜಾಗ ತುಂಬಿರಿ.
1. ಕಿತ್ತ ಉಣ್ಣಿಯನ್ನು ______ ಇರುವ ಬಾಟಲಿಗೆ ಹಾಕಬೇಕು.
2. ಮಂಗನ ಕಾಯಿಲೆ ಮೊದಲು ಕಂಡದ್ದು ______ ಕಾಡಿನಲ್ಲಿ, ______ನೇ ಇಸವಿಯಲ್ಲಿ.
3. ನಾಯಿ ಕಚ್ಚಿದರೆ ಗಾಯವನ್ನು ______ ನಿಮಿಷ ತೊಳೆಯಬೇಕು.

ಉ. ಲೆಕ್ಕ ಮಾಡಿರಿ.
1. ಮೊದಲ ಭಾನುವಾರ ರಾಜಾನ ಮೈಯಿಂದ 11 ಉಣ್ಣಿ ತೆಗೆದರು. ಎರಡನೇ ಭಾನುವಾರ 6. ಮೂರನೇ ಭಾನುವಾರ 2. ಒಟ್ಟು ಎಷ್ಟು?
2. ಮಾರ್ಚ್ 3ಕ್ಕೆ ಉಣ್ಣಿ ಕಿತ್ತರು. ಅಲ್ಲಿಂದ ಎರಡು ವಾರ ಯಾವ ತಾರೀಖಿಗೆ ಮುಗಿಯುತ್ತದೆ?

ಊ. ಮಾಡಿರಿ.
ಇಂದು ನಿಮ್ಮ ಮನೆಯ ಅಥವಾ ನೆರೆಮನೆಯ ನಾಯಿಯ ಕಿವಿ ಮಡಚಿ ನೋಡಿರಿ. ಉಣ್ಣಿ ಇದ್ದರೆ ಮನೆಯವರಿಗೆ ಈ ಪಾಠದ ಮೂರನೇ ಭಾಗ ಓದಿ ಹೇಳಿರಿ. ತೆಗೆದ ಮೇಲೆ ಕ್ಯಾಲೆಂಡರಿನಲ್ಲಿ ಬರೆಯಿರಿ. ಬರೆದದ್ದನ್ನು ಮುಂದಿನ ತರಗತಿಗೆ ತನ್ನಿರಿ.